ಬೆಂಗಳೂರು ರಾಕ್‌ಗೆ ಕನ್ನಡ ಬರೋಕೆ ಇಷ್ಟು ವರ್ಷ ಯಾಕೆ ಬೇಕಾಯ್ತು?

ಗಿರಿನಗರ_ಗಿಟಾರು

ಬೆಂಗಳೂರಿನ ರಾಕ್ ಬ್ಯಾಂಡ್‌ಗಳ ಪಟ್ಟಿ ಮಾಡ್ತಾ ಇದ್ದೀನಿ, ದಶಕದ ಲೆಕ್ಕದಲ್ಲಿ. 70ರ ದಶಕಕ್ಕೆ ಹ್ಯೂಮನ್ ಬಾಂಡೇಜ್. 80ರ ಕೊನೆಗೆ ಮಿಲೇನಿಯಂ. 90ರ ದಶಕಕ್ಕೆ ಡೈಯಿಂಗ್ ಎಂಬ್ರೇಸ್, 1996ರಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್, 1998ರಲ್ಲಿ ಕ್ರಿಪ್ಟೋಸ್. ಆಮೇಲೆ ಗಲೀಜ್ ಗುರೂಸ್, ಲೌಂಜ್ ಪಿರಾನ್ಹಾ, ಇನ್ನರ್ ಸ್ಯಾಂಕ್ಟಮ್, ಬೇವರ್ ಸೀ. ಪಟ್ಟಿ ಉದ್ದ ಆದಷ್ಟೂ ಒಂದೇ ಪ್ರಶ್ನೆ ಕಾಡ್ತಿದೆ. ಇಷ್ಟೂ ಜನರ ಹಾಡುಗಳು ಹೆಚ್ಚುಕಡಿಮೆ ಪೂರ್ತಿ ಇಂಗ್ಲಿಷ್. ಗಾಯಕ ರಘು ದೀಕ್ಷಿತ್, ಸ್ವರಾತ್ಮ ಬ್ಯಾಂಡ್ ಬರೋವರೆಗೂ ದೊಡ್ಡ ಸ್ಟೇಜಿನ ಮೇಲೆ ಕನ್ನಡದಲ್ಲಿ ರಾಕ್ ಕೇಳಿದ ನೆನಪು ನನಗಿಲ್ಲ.

ಇದೇ ಊರಲ್ಲಿ ಅದೇ ಕಾಲಕ್ಕೆ ಸುಗಮ ಸಂಗೀತಕ್ಕೆ ಮೈದಾನ ತುಂಬೋಷ್ಟು ಜನ ಸೇರ್ತಿದ್ರು. ಭಾವಗೀತೆ ಕ್ಯಾಸೆಟ್ ಮನೆಮನೆಯಲ್ಲೂ ಇತ್ತು. ಕೇಳೋ ಕಿವಿಗೆ ಬರ ಇರಲಿಲ್ಲ, ಬರೆಯೋ ಕವಿಗಳಿಗಂತೂ ಇರಲೇ ಇಲ್ಲ. ಹಾಗಿದ್ರೆ ಗಿಟಾರ್ ಹಿಡಿದ ನಮ್ಮ ಹುಡುಗರ ಬಾಯಲ್ಲಿ ಕನ್ನಡ ಯಾಕೆ ಬರಲಿಲ್ಲ? ಆ ಕಾಲದಲ್ಲಿ ನುಡಿಸಿದವರು, ಕೇಳಿದವರು ದಯವಿಟ್ಟು ಬರೀರಿ. ಜಗಳ ಆಡಿದ್ರೂ ಪರವಾಗಿಲ್ಲ.

ಕಾಕ್ಸ್‌ಟೌನ್_ಹಳಬ

ಉತ್ತರ ಭೂಪಟದಲ್ಲೇ ಇದೆ ಸ್ವಾಮಿ. ಬೆಂಗಳೂರು ಒಂದು ಊರಾಗಿದ್ದೇ 1949ರಲ್ಲಿ. ಅಲ್ಲೀತನಕ ಪೇಟೆ ಬೇರೆ, ದಂಡು ಬೇರೆ, ಪುರಸಭೆಗಳೂ ಎರಡು. ದಂಡಿನ ಕಡೆ ಬ್ರಿಟಿಷರ ಪಲ್ಟನ್ ಇತ್ತು, ಚರ್ಚುಗಳಿದ್ವು, ಆಂಗ್ಲೋ ಇಂಡಿಯನ್ ಮನೆಗಳಿದ್ವು. ಆ ಮನೆಗಳಲ್ಲಿ ಪಿಯಾನೋನೋ ಗಿಟಾರೋ ಒಂದು ಇದ್ದೇ ಇರ್ತಿತ್ತು. ಶನಿವಾರ ಕ್ಲಬ್‌ನಲ್ಲಿ ಡ್ಯಾನ್ಸ್ ಬ್ಯಾಂಡು, ಭಾನುವಾರ ಬೆಳಗ್ಗೆ ಚರ್ಚ್ ಕ್ವಾಯರು. ಹಾರ್ಮನಿ ಹಾಡೋದು ಮಕ್ಕಳಿಗೆ ಅಲ್ಲೇ ಬರ್ತಿತ್ತು. 60ರ ದಶಕದಲ್ಲಿ ರೇಡಿಯೋ ಸಿಲೋನ್‌ನಲ್ಲಿ ಇಂಗ್ಲಿಷ್ ಹಾಡು ಕೇಳಿ ಬೀಟ್ ಗ್ರೂಪ್, ಅಂದ್ರೆ ಬೀಟಲ್ಸ್ ಥರ ಗಿಟಾರ್ ಡ್ರಮ್ಸ್ ನುಡಿಸೋ ತಂಡ, ಕಟ್ಟಿದ್ದು ಈ ಮಕ್ಕಳೇ. ಅವರ ಮನೆಮಾತೇ ಇಂಗ್ಲಿಷ್. ಕನ್ನಡದಲ್ಲಿ ಯಾಕೆ ಹಾಡಲಿಲ್ಲ ಅಂತ ಅವರನ್ನ ಕೇಳಿದ್ರೆ ಏನು ನ್ಯಾಯ?

ಬಿದ್ದು ಹೆಸರು ಪಟ್ಟಿಯಲ್ಲಿ ಇಲ್ಲವಲ್ಲ! ಹ್ಯೂಮನ್ ಬಾಂಡೇಜ್‌ಗಿಂತ ಮುಂಚೆ ಈ ಊರಿಂದ ಹೊರಟ ಬ್ಯಾಂಡು ಅವರ ಟ್ರೋಜನ್ಸ್.

ಹೊಸ_ಕೇಳುಗ

ಬಿದ್ದು ಅಂದ್ರೆ 'ಮೇಡ್ ಇನ್ ಇಂಡಿಯಾ' ಬಿದ್ದು? ಅವರು ಬೆಂಗಳೂರಿನವರಾ??

ಮಡಿಕೇರಿ_ಮಂಜು

ಹೌದು, ಅವರೇ. ಬಿದ್ದು ಅಪ್ಪಯ್ಯ. ನಮ್ಮ ಕೊಡವರು, ಹುಟ್ಟಿದ್ದು ಬೆಂಗಳೂರಲ್ಲಿ, 1945. ಟ್ರೋಜನ್ಸ್ ಕಟ್ಟಿ ಕಲ್ಕತ್ತ, ಬಾಂಬೆ ಕ್ಲಬ್‌ಗಳಲ್ಲಿ ನುಡಿಸಿ, ಆಮೇಲೆ ಇಂಗ್ಲೆಂಡಿಗೆ ಹೋದ್ರು. 1974ರ 'ಕುಂಗ್ ಫೂ ಫೈಟಿಂಗ್' ನಿರ್ಮಾಪಕರು ಅವರೇ. ಹಿಂದಿಯಲ್ಲಿ 'ಆಪ್ ಜೈಸಾ ಕೋಯಿ' ಅವರದು. ಕೊಡಗಿನಲ್ಲಿ ಹಿರಿಯರಿಗೆ ಈ ವಿಷಯ ಚೆನ್ನಾಗಿ ಗೊತ್ತು. ಬೆಂಗಳೂರಿನವರಿಗೆ ಇವತ್ತಿಗೂ ಗೊತ್ತಿಲ್ಲ ಅನ್ನೋದು ನನಗೆ ನಿಜವಾಗಿ ಬೇಜಾರು. ಒಂದು ರಸ್ತೆಗಾದ್ರೂ ಹೆಸರಿಡಬಹುದಿತ್ತು.

ಬಸವನಗುಡಿ_ಬೇಸ್

ಬಿದ್ದು ಮಾಡಿದ್ದು ಪಾಪ್ ಮತ್ತು ಡಿಸ್ಕೋ. ವಿಷಯ ರಾಕ್ ಗುರು.

ಮಡಿಕೇರಿ_ಮಂಜು

ಟ್ರೋಜನ್ಸ್ ಬೀಟ್ ಗ್ರೂಪ್. 60ರ ದಶಕದಲ್ಲಿ ರಾಕ್ ಅಂದ್ರೆ ಅದೇನೇ. ಗೆರೆ ಎಳೆಯೋಕೆ ಮುಂಚೆ ಇಸವಿ ನೋಡಿ.

ಬಸವನಗುಡಿ_ಬೇಸ್

ಸರಿ, ಬಿದ್ದು ಇರಲಿ. ಆದ್ರೆ ಕಾಕ್ಸ್‌ಟೌನ್ ಸರ್ ಹೇಳಿದ 'ಎರಡು ಊರು' ವಿವರಣೆ 70ರ ದಶಕದವರೆಗೆ ನಡೀಬಹುದು, 90ಕ್ಕೆ ನಡಿಯಲ್ಲ. 90ರಲ್ಲಿ ಬ್ಯಾಂಡ್ ಕಟ್ಟಿದವರು ಯಾರು? ಜಯನಗರ, ಮಲ್ಲೇಶ್ವರ, ರಾಜಾಜಿನಗರದ ಹುಡುಗರು. ಮನೆಯಲ್ಲಿ ಕನ್ನಡ ಮಾತಾಡೋರು, ಹಬ್ಬಕ್ಕೆ ಒಬ್ಬಟ್ಟು ತಿನ್ನೋರು. ಅಮ್ಮ ವೀಣೆ ಕಲಿಸಿದ ಮನೆಯ ಹುಡುಗ ಲೀಡ್ ಗಿಟಾರ್ ನುಡಿಸ್ತಿದ್ದ. ನಾನೂ ಅಂಥ ಒಂದು ಬ್ಯಾಂಡಲ್ಲಿ ಬೇಸ್ ನುಡಿಸಿದೋನು.

ನಮ್ಮನ್ನ ಇಂಗ್ಲಿಷಿಗೆ ಕಟ್ಟಿ ಹಾಕಿದ್ದು ಸ್ಪರ್ಧೆಗಳು. ಆ ಕಾಲದಲ್ಲಿ ಬ್ಯಾಂಡಿಗೆ ಸ್ಟೇಜ್ ಸಿಗ್ತಿದ್ದದ್ದು ಕಾಲೇಜು ಫೆಸ್ಟ್‌ನಲ್ಲಿ ಮಾತ್ರ. ನ್ಯಾಷನಲ್ ಲಾ ಸ್ಕೂಲಿನ ಸ್ಟ್ರಾಬೆರಿ ಫೀಲ್ಡ್ಸ್, ಸೇಂಟ್ ಜಾನ್ಸ್‌ನ ಆಟಮ್ ಮ್ಯೂಸ್, ಅದರ ಮೇಲೆ ರಾಕ್ ಸ್ಟ್ರೀಟ್ ಜರ್ನಲ್ ಪತ್ರಿಕೆಯವರ ಗ್ರೇಟ್ ಇಂಡಿಯನ್ ರಾಕ್. ಗೆದ್ರೆ ಹೆಸರು, ಹೆಸರು ಬಂದ್ರೆ ಮುಂದಿನ ಗಿಗ್, ಅಂದ್ರೆ ಕಾರ್ಯಕ್ರಮ. ಇಪ್ಪತ್ತು ನಿಮಿಷದಲ್ಲಿ ಜಡ್ಜ್‌ಗಳನ್ನ, ಮುಂದಿನ ಸಾಲಿನ ಹುಡುಗರನ್ನ ಒಲಿಸಿಕೊಳ್ಳಬೇಕು. ಎಲ್ಲರಿಗೂ ಗೊತ್ತಿರೋ ಕವರ್ ಹಾಡು, ಅಂದ್ರೆ ಬೇರೆ ಬ್ಯಾಂಡಿನ ಹಾಡು, ಹಾಕಿದ್ರೆ ಕೈ ಮೇಲೆ ಹೋಗ್ತಿತ್ತು. ಸ್ವಂತ ಹಾಡು ಅಂದ ತಕ್ಷಣ ಅರ್ಧ ಜನ ಸಿಗರೇಟಿಗೆ ಹೋಗ್ತಿದ್ರು. ಇನ್ನು ಕನ್ನಡದ ಸ್ವಂತ ಹಾಡು? ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಮ್ಮ ಗಾಯಕ ಕೇಳಿಯೇ ಬಿಟ್ಟ. 'ವೆಸ್ಟರ್ನ್ ಬ್ಯಾಂಡ್' ವಿಭಾಗದಲ್ಲಿ ಇಂಗ್ಲಿಷ್ ಮಾತ್ರ, ಕನ್ನಡ ಹಾಡಬೇಕಂದ್ರೆ ಮಧ್ಯಾಹ್ನದ 'ಲೈಟ್ ಮ್ಯೂಸಿಕ್' ವಿಭಾಗಕ್ಕೆ ಹೆಸರು ಕೊಡಿ ಅಂದ್ರು. ಅಲ್ಲಿ ಡ್ರಮ್ಸ್‌ಗೆ ಅವಕಾಶ ಇಲ್ಲ, ತಬಲಾ ಹಾರ್ಮೋನಿಯಂ ಮಾತ್ರ. ಭಾಷೆ ನಮ್ಮ ಆಯ್ಕೆ ಆಗಿರಲೇ ಇಲ್ಲ, ನಿಯಮಾವಳಿಯಲ್ಲೇ ಬರೆದಿತ್ತು.

ಡಬಲ್_ಪೆಡಲ್

ಈ ಮಾತಿಗೆ ನೂರಕ್ಕೆ ನೂರು. ನಮ್ಮ ಕಾಲೇಜಲ್ಲೂ ಈಸ್ಟರ್ನ್, ವೆಸ್ಟರ್ನ್ ಅಂತ ಎರಡು ಫಾರ್ಮ್ ಇತ್ತು. 2000ದ ನಂತರವೂ.

ಮಿಕ್ಸರ್_ರಾಜ

ಫ್ರೀಡಂ ಜಾಮ್ ಮರೆತ್ರಲ್ಲ. 1996ರಿಂದ ಆಗಸ್ಟ್ 15ರ ಸುಮಾರಿಗೆ ನಡೀತಿತ್ತು, ಪುಕ್ಕಟೆ, ಸ್ಪರ್ಧೆ ಇಲ್ಲ, ಜಡ್ಜ್ ಇಲ್ಲ. ಯಾರು ಬೇಕಾದ್ರೂ ಹತ್ತಬಹುದಿತ್ತು. ಸ್ವಂತ ಹಾಡು ನುಡಿಸೋ ಧೈರ್ಯ ಬಹಳ ಬ್ಯಾಂಡ್‌ಗಳಿಗೆ ಬಂದಿದ್ದು ಅಲ್ಲಿ. ಥರ್ಮಲ್‌ನವರು ಮೊದಲಿಂದಲೂ ಸ್ವಂತ ಹಾಡಿಗೆ ಪಟ್ಟು ಹಿಡಿದವರು. 2001ರಲ್ಲಿ ಡೀಪ್ ಪರ್ಪಲ್ ಬಂದಾಗ ಅವರಿಗಿಂತ ಮೊದಲು ನುಡಿಸಿದ್ದು ಇವರೇ. ಅವರ ಬ್ರೂಸ್ ಲೀ ಮಣಿ ಗಿಟಾರ್ ಕೇಳಿದ್ರೆ ಜಾಝ್ ಇದೆ, ಫಂಕ್ ಇದೆ, ಬೆಂಗಳೂರಿನ ಟ್ರಾಫಿಕ್ಕೂ ಇದೆ. ಆ ಹಾಡುಗಳು ಇಂಗ್ಲಿಷಿನಲ್ಲಿದ್ರೂ ಈ ಊರಿನವೇ ಅಂತ ನಾನು ಎದೆ ಮುಟ್ಟಿ ಹೇಳ್ತೀನಿ.

ಶಿಗ್ಗಾಂವಿ_ಏಕತಾರಿ

ನೀವೆಲ್ಲಾ ಬೆಂಗಳೂರಾಗ ಕುಂತು ಮಾತಾಡಾಕತ್ತೀರಿ, ನಮ್ಮ ಕಡೆ ಮಾತೂ ಸ್ವಲ್ಪ ಕೇಳ್ರಿ. ಶರೀಫಜ್ಜನ ಊರು ಶಿಶುನಾಳ ನಮಗ ಹತ್ರ. ಅಜ್ಜ ಹುಟ್ಟಿದ್ದು 1819, ಗುರು ಕಳಸದ ಗೋವಿಂದಭಟ್ರು. ಗದ್ದಿಗಿಗೆ ಹಿಂದೂಗಳೂ ಬರ್ತಾರ, ಮುಸಲ್ಮಾನರೂ ಬರ್ತಾರ. ಅಲ್ಲಿ ರಾತ್ರಿ ಭಜನಿ ಹೆಂಗ ನಡೀತದ ಗೊತ್ತೇನ್ರಿ? ಏಕತಾರಿ ಒಂದ ಸ್ವರ ಹಿಡಕೊಂಡು ಬಿಡೂದ ಇಲ್ಲ. ದಮ್ಮಡಿ ಬಡಿಯಾಂವ ಮೊದಲ ಸಾವಕಾಶ ಶುರು ಮಾಡತಾನ. ಪಲ್ಲವಿ ಒಬ್ಬಾಂವ ಹೇಳತಾನ, ಉಳದವ್ರು ಅದನ್ನ ಹಿಡೀತಾರ. ನಾಕನೇ ನುಡಿ ಬರೂದ್ರಾಗ ಲಯ ಏರಿ ಏರಿ, ತಾಳದ ಸಪ್ಪಳಕ್ಕ ಎದಿ ನಡಗತದ. ಹಾಡಾಂವ ಕಣ್ಣು ಮುಚ್ಚಿ ಪಲ್ಲವಿ ಒಂದ ಹತ್ತು ಸಲ ತಿರಗಸತಾನ. ಪ್ರತಿ ಸಲ ಒತ್ತು ಬ್ಯಾರೆ ಶಬ್ದದ ಮ್ಯಾಲೆ.

ನಿಮ್ಮ ರಾಕ್‌ನ್ಯಾಗ ಗಿಟಾರಿನ ಒಂದ ತುಣುಕು ತಿರಗಿ ತಿರಗಿ ಬಾರಸೂದಕ್ಕ ರಿಫ್ ಅಂತೀರಲ್ರಿ, ಅದ ಇದು. ರಘು ದೀಕ್ಷಿತ್ರು 2008ರ ಆಲ್ಬಮ್ಮಿನ್ಯಾಗ 'ಗುಡುಗುಡಿಯಾ ಸೇದಿ ನೋಡೋ' ತಗೊಂಡು ಗಿಟಾರು ಸೇರಿಸಿದಾಗ ಬೆಂಗಳೂರಿನವರಿಗೆ ಹೊಸದು ಅನಸ್ತು. ನಮಗ ಹಂಗ ಅನಸಲಿಲ್ಲ, ಮನಿ ಹಾಡು ಕೇಳಿದಂಗ ಆತು. ತಡಾ ಆಗಿದ್ದು ಕನ್ನಡದಾಗ ಅಲ್ರಿ. ಬೆಂಗಳೂರಿನ ಹುಡುಗರು ಉತ್ತರಕ್ಕ ಮಾರಿ ತಿರಗಸೂದು ತಡಾ ಆತು.

ಗಿರಿನಗರ_ಗಿಟಾರು

ಏಕತಾರಿ ಸರ್, ನೀವು ಬರೆದಿದ್ದನ್ನ ಪ್ರಿಂಟ್ ತಗೊಂಡು ಗೋಡೆಗೆ ಅಂಟಿಸ್ತೀನಿ. ಪಲ್ಲವಿಯ ಒತ್ತು ಪ್ರತಿ ಸಲ ಬೇರೆ ಶಬ್ದದ ಮೇಲೆ ಬೀಳುತ್ತೆ ಅನ್ನೋದು ನಾನು ಗಮನಿಸಿಯೇ ಇರಲಿಲ್ಲ.

ಬಸವನಗುಡಿ_ಬೇಸ್

ಆದ್ರೆ ಬೆಂಗಳೂರಿನ ಮಧ್ಯಮ ವರ್ಗಕ್ಕೆ ಶರೀಫರ ಪದ ಮುಟ್ಟಿಸಿದ್ದು ಮೊದಲು ಸಿ. ಅಶ್ವತ್ಥ್. 1990ರ 'ಸಂತ ಶಿಶುನಾಳ ಶರೀಫ' ಸಿನಿಮಾದಿಂದ ಮನೆಮನೆಗೆ ಹೋಯ್ತು. ಅಶ್ವತ್ಥ್ ಗಂಟಲಲ್ಲಿ ರಾಕ್ ಇತ್ತು ಅಂತ ನನ್ನ ಬಲವಾದ ನಂಬಿಕೆ. ತಾರಸ್ಥಾಯಿಗೆ ಹೋದಾಗ ಆ ಒರಟುತನ, ಸಾಲಿನ ಕೊನೆಯನ್ನ ಎಸೆಯೋ ರೀತಿ! ಅವರ ಹಿಂದೆ ಒಂದು ಒಳ್ಳೆ ಡ್ರಮ್ಸು, ಗರಗರ ಅನ್ನೋ ಡಿಸ್ಟಾರ್ಷನ್ ಗಿಟಾರು ಇದ್ದಿದ್ರೆ ಈ ಚರ್ಚೆಯೇ ಬೇಕಿರಲಿಲ್ಲ.

ಡಬಲ್_ಪೆಡಲ್

ನನ್ನ ತಕರಾರು ಇಲ್ಲಿದೆ. ರಘು ದೀಕ್ಷಿತ್, ಸ್ವರಾತ್ಮ ಒಳ್ಳೇ ಸಂಗೀತ, ಒಪ್ತೀನಿ. ಆದ್ರೆ ಅದು ಜಾನಪದ ಫ್ಯೂಷನ್. ಲುಂಗಿ, ಗೆಜ್ಜೆ, ಬಣ್ಣದ ಕುದುರೆ ವೇಷ ಎಲ್ಲ ಸೊಗಸು. ರಾಕ್ ಅಂದ್ರೆ ಕೋಪ. ಕನ್ನಡದಲ್ಲಿ ಕೋಪದ ರಾಕ್ ಎಲ್ಲಿ? ಬೆಂಗಳೂರಿನ ನಿಜವಾದ ಶಕ್ತಿ ಯಾವತ್ತೂ ಮೆಟಲ್, ರಾಕ್‌ನ ಅತಿ ಅಬ್ಬರದ ರೂಪ. ಥ್ರೆನಡಿ, ಮೈಂಡ್‌ಸ್ನೇರ್, ಕ್ರಿಪ್ಟೋಸ್, ಇನ್ನರ್ ಸ್ಯಾಂಕ್ಟಮ್, ಇವರೆಲ್ಲ ಯಾರ ಬೆನ್ನಾಸರೆಯೂ ಇಲ್ಲದೆ ಗ್ಯಾರೇಜಲ್ಲಿ ಬೆಳೆದವರು. ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿದ್ರು. ಯಾವ ಭಾಷೆ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಮೆಟಲ್‌ಗೆ ಭಾಷೆ ಅಡ್ಡಿ ಅಲ್ಲ, ಬೇಕಾಗೂ ಇಲ್ಲ.

ಛಂದಸ್ಸಿನ_ಹುಡುಗಿ

ಸ್ವರಾತ್ಮದ 'ಈ ಭೂಮಿ' ಕೇಳಿ ಒಮ್ಮೆ, ಕೋಪ ಇದೆಯೋ ಇಲ್ಲವೋ ಹೇಳಿ. ಕೋಪ ಕೂಗಿಯೇ ಹೇಳಬೇಕು ಅಂತಿಲ್ಲ. ವಚನಗಳಲ್ಲಿ ಇರೋ ಕೋಪ ಯಾವ ಥ್ರ್ಯಾಷ್ ಮೆಟಲ್ ಬ್ಯಾಂಡಿಗೆ ಕಡಿಮೆ?

ಇನ್ನೊಂದು. 'ಕನ್ನಡ ರಾಕ್‌ಗೆ ಹೊಂದಲ್ಲ, ಪದಗಳೆಲ್ಲ ಸ್ವರದಲ್ಲಿ ಮುಗಿಯುತ್ತೆ, ಪಂಚ್ ಬರಲ್ಲ' ಅಂತ ಬಹಳ ಸಂಗೀತಗಾರರು ಹೇಳೋದು ಕೇಳಿದ್ದೀನಿ. ಇದು ಪೂರ್ತಿ ತಪ್ಪು. 'ಕೋಡಗಾನ ಕೋಳಿ ನುಂಗಿತ್ತಾ' ಸಾಲನ್ನ ಒಡೆದು ನೋಡಿ. ಕೊನೆಯ ಪದ ನುಂ-ಗಿತ್-ತಾ, ಮೂರೂ ಗುರು, ಎರಡೆರಡು ಮಾತ್ರೆ. ಒಂದೊಂದರ ಮೇಲೂ ಡ್ರಮ್ಸ್‌ನ ಕಿಕ್ ಮತ್ತು ಸ್ನೇರ್ ಏಟು ಕೂರಿಸಬಹುದು. ನಮ್ಮ ಒತ್ತಕ್ಷರ ಇದೆಯಲ್ಲ, ಕಟ್ಟು, ಬಿಟ್ಟು, ಕುಟ್ಟು, ಎಳ್ಳಷ್ಟು, ಅದು ನಾಲಿಗೆಯನ್ನ ಅರೆಕ್ಷಣ ತಡೆದು ಹೊಡೆಯುತ್ತೆ. ಗಿಟಾರಿನವರು ಅಂಗೈಯಲ್ಲಿ ತಂತಿ ಅದುಮಿ ಹೊಡೀತಾರಲ್ಲ, ಕಿವಿಗೆ ಅದೇ ಅನುಭವ. ಇದರ ಜೊತೆಗೆ ನಮ್ಮ ಹಳೇ ಕಾವ್ಯದ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಬರುತ್ತೆ, ಕೊನೆಯಲ್ಲಿ ಅಲ್ಲ. ಅಂದ್ರೆ ಸಾಲು ಶುರುವಾದ ಕೂಡಲೇ ಏಟು. ಇಂಗ್ಲಿಷ್ ರಾಕ್‌ನ ಅಂತ್ಯಪ್ರಾಸದ ಅಚ್ಚಿಗೆ ಕನ್ನಡ ತುರುಕೋಕೆ ಹೋದವರಿಗೆ ಹೊಂದಲಿಲ್ಲ, ಸಹಜ. ಆ ಅಚ್ಚು ಬಿಟ್ಟು ಕಂದ, ರಗಳೆ, ತ್ರಿಪದಿಯ ಲಯ ಹಿಡಿದು ರಿಫ್ ಕಟ್ಟಿದವರು ಎಷ್ಟು ಜನ? ಕೈಬೆರಳಲ್ಲಿ ಎಣಿಸಬಹುದು.

ಡಬಲ್_ಪೆಡಲ್

ತ್ರಿಪದಿಗೆ ಮೆಟಲ್‌ನ ಆ ಸಿಡಿಯೋ ವೇಗದ ಬ್ಲಾಸ್ಟ್ ಬೀಟ್? ಕೇಳೋಕೆ ಆಸೆ ಆಗ್ತಿದೆ, ನಿಜವಾಗ್ಲೂ.

ಛಂದಸ್ಸಿನ_ಹುಡುಗಿ

ತ್ರಿಪದಿಯಲ್ಲಿ ಎರಡನೇ ಸಾಲನ್ನ ಹಾಡುವಾಗ ಮತ್ತೆ ಎತ್ತಿಕೊಂಡು ಮೂರನೇ ಸಾಲಿಗೆ ಹೋಗೋ ರೂಢಿ ಇದೆ. ಬೀಸೋಕಲ್ಲಿನ ಪದ ಕೇಳಿ ನೋಡಿ. ಬ್ರೇಕ್‌ಡೌನ್‌ಗೆ, ಅಂದ್ರೆ ಹಾಡು ದಿಢೀರನೆ ನಿಧಾನವಾಗಿ ಭಾರವಾಗೋ ಭಾಗಕ್ಕೆ, ಹೇಳಿ ಮಾಡಿಸಿದ ಜಾಗ ಅದು. ನೀವು ಡ್ರಮ್ಸ್ ನುಡಿಸೋದಾದ್ರೆ ಸಾಹಿತ್ಯ ನಾನು ಕೊಡ್ತೀನಿ.

ಕದ್ರಿ_ಕೀಬೋರ್ಡ್

ಬೆಂಗಳೂರು, ಶಿಗ್ಗಾಂವಿ ಆಯ್ತು, ಮಂಗಳೂರನ್ನ ಮರೀಬೇಡಿ ಮಾರಾಯ್ರೆ. ನಮ್ಮಲ್ಲಿ ವಿಲ್ಫಿ ರೆಬಿಂಬಸ್ ಕೊಂಕಣಿಯಲ್ಲಿ ಗಿಟಾರು, ಡ್ರಮ್ಸು, ಕಹಳೆ ಎಲ್ಲ ಇಟ್ಟುಕೊಂಡು ದಶಕಗಟ್ಟಲೆ 'ವಿಲ್ಫಿ ನೈಟ್' ಮಾಡಿದ್ದಾರೆ. ಅವರ ಹಾಡು ಬಾಯಿಗೆ ಬಾರದ ಕೊಂಕಣಿ ಮನೆ ಸಿಗುವುದು ಕಷ್ಟ. ಅವರು ತೀರಿಕೊಂಡದ್ದು 2010ರಲ್ಲಿ. ಪಾಶ್ಚಾತ್ಯ ವಾದ್ಯ ಕೈಗೆ ಬಂದ ಕೂಡಲೇ ಭಾಷೆಯೂ ಇಂಗ್ಲಿಷ್ ಆಗಬೇಕು ಎಂದು ನಮ್ಮ ಊರಿನಲ್ಲಿ ಯಾರಿಗೂ ಅನಿಸಲಿಲ್ಲ. ಚರ್ಚಿನಲ್ಲಿ ಕೊಂಕಣಿಯಲ್ಲೇ ನಾಲ್ಕು ಸ್ವರದ ಹಾರ್ಮನಿ ಹಾಡ್ತಿದ್ದೆವು. ಹಾಗಾಗಿ ಕಾಕ್ಸ್‌ಟೌನ್‌ನವರ ವಾದ ಅರ್ಧ ಮಾತ್ರ ಸರಿ. ಚರ್ಚಿನಿಂದ ಸಂಗೀತ ಬಂದರೆ ಇಂಗ್ಲಿಷೇ ಬರಬೇಕು ಎಂದೇನಿಲ್ಲ.

ಕಾಕ್ಸ್‌ಟೌನ್_ಹಳಬ

ಮಂಗಳೂರಿನವರ ಮಾತು ತೂಕದ್ದು. ಆದ್ರೆ ನಿಮ್ಮಲ್ಲಿ ಚರ್ಚಿನ ಭಾಷೆ, ಮನೆ ಭಾಷೆ, ಬೀದಿ ಭಾಷೆ ಒಂದಕ್ಕೊಂದು ಹತ್ತಿರ. ದಂಡಿನಲ್ಲಿ ಮನೆಯೊಳಗೆ ಇಂಗ್ಲಿಷ್, ಬೀದಿಯಲ್ಲಿ ತಮಿಳು, ಉರ್ದು. ಕನ್ನಡ ಕಿವಿಗೆ ಬೀಳಬೇಕಂದ್ರೆ ಕಬ್ಬನ್ ಪಾರ್ಕ್ ದಾಟಿ ಹೋಗಬೇಕಿತ್ತು.

ಹ್ಯೂಮನ್ ಬಾಂಡೇಜ್ ಬಗ್ಗೆ ಒಂದು ಮಾತು ಸೇರಿಸ್ತೀನಿ. ಅದರ ಡ್ರಮ್ಮರ್ ರಮೇಶ್ ಶೋಥಮ್ ಆಮೇಲೆ ತವಿಲ್ ಕಲಿತ್ರು. ಟಿ.ಎ.ಎಸ್. ಮಣಿ 1964ರಲ್ಲಿ ಶುರು ಮಾಡಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಇದೇ ಬೆಂಗಳೂರಲ್ಲಿತ್ತು, ಅಲ್ಲೂ ಅವರು ಕಲಿತರು. ಕೊನೆಗೆ ಜರ್ಮನಿಯಲ್ಲಿ ನೆಲೆಸಿ ಜಾಝ್ ನುಡಿಸಿದ್ರು. ಮಣಿ ಮತ್ತು ಆರ್.ಎ. ರಮಾಮಣಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ 1983ರಲ್ಲಿ ತಂದ 'ಜ್ಯೋತಿ' ಆಲ್ಬಮ್ ಯೂರೋಪಿನಲ್ಲಿ ಬಿಡುಗಡೆಯಾಯ್ತು. ಅಂದ್ರೆ ಎರಡು ಊರಿನ ನಡುವೆ ಬಾಗಿಲು ಇತ್ತು. ಅದು ತೆರೆದಿದ್ದು ತಾಳವಾದ್ಯದವರಿಗೆ, ಹಾಡುಗಾರರಿಗೆ ಅಲ್ಲ.

ಹೊಸ_ಕೇಳುಗ

ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಬರೀತಾ ಇರಿ.

ಮಿಕ್ಸರ್_ರಾಜ

ಅರಮನೆ ಮೈದಾನದ ಬಗ್ಗೆ ಯಾರೂ ಮಾತಾಡ್ತಿಲ್ವಲ್ಲ! 'ಭಾರತದ ರಾಕ್ ರಾಜಧಾನಿ' ಅಂತ ಹೆಸರು ಬಂದಿದ್ದು ಅಲ್ಲಿಂದ. 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2005ರಲ್ಲಿ ಮಾರ್ಕ್ ನಾಫ್ಲರ್. ಮೆಟಲ್ ಕಾಲ ಶುರುವಾಗಿದ್ದು 2008ರ ಮೆಗಾಡೆತ್‌ನಿಂದ, ಆಮೇಲೆ 2010ಕ್ಕೆ ಲ್ಯಾಂಬ್ ಆಫ್ ಗಾಡ್, 2011ಕ್ಕೆ ಮೆಟಾಲಿಕಾ.

ಡಬಲ್_ಪೆಡಲ್

ತಡೀರಿ, 2008 ಅಲ್ಲ. 2007ರ ಮಾರ್ಚ್ 17, ಐರನ್ ಮೇಡನ್. ಮೆಟಲ್ ಬಾಗಿಲು ತೆಗೆದಿದ್ದು ಅವರು. ಈಶಾನ್ಯ ರಾಜ್ಯಗಳಿಂದ ಹುಡುಗರು ರೈಲಲ್ಲಿ ದಿನಗಟ್ಟಲೆ ಕೂತು ಬಂದಿದ್ರು. ಮೆಜೆಸ್ಟಿಕ್‌ನಲ್ಲಿ ಬೆಳಗ್ಗೆಯೇ ಕಪ್ಪು ಟೀ ಶರ್ಟಿನ ಸಮುದ್ರ.

ಮಿಕ್ಸರ್_ರಾಜ

ಮೇಡನ್ ಮೊದಲು, ಸರಿ. ಮೆಟಾಲಿಕಾ ನುಡಿಸಿದ 2011ರ ಅಕ್ಟೋಬರ್ 30 ಮಾತ್ರ ನಾನು ಸಾಯೋವರೆಗೂ ಮರೆಯಲ್ಲ. ಅದಕ್ಕೆ ಎರಡು ದಿನ ಮುಂಚೆ ಅವರ ಗುರ್ಗಾಂವ್ ಕಾರ್ಯಕ್ರಮ ರದ್ದಾಗಿತ್ತು. ಅಲ್ಲಿನವರೂ ಇಲ್ಲಿಗೆ ಓಡಿ ಬಂದ್ರು. ಮೈದಾನ ಪೂರ್ತಿ ಕೆಂಪು ಕೆಸರು. ಹೆಜ್ಜೆ ಎತ್ತಿದ್ರೆ ಚಪ್ಪಲಿ ಅಲ್ಲೇ ಉಳೀತಿತ್ತು. ನಮ್ಮ ಇನ್ನರ್ ಸ್ಯಾಂಕ್ಟಮ್ ಅದೇ ಸ್ಟೇಜಿನ ಮೇಲೆ ಮೊದಲು ನುಡಿಸ್ತು. ನಮ್ಮ ಊರಿನ ಹುಡುಗರ ಕಿಕ್ ಡ್ರಮ್ ಅಷ್ಟು ದೊಡ್ಡ ಸ್ಪೀಕರ್ ಗೋಡೆಯಿಂದ ಬಂದು ಎದೆಗೆ ಬಡಿದಾಗ ಕಣ್ಣಲ್ಲಿ ನೀರು ಬಂತು.

ಬಸವನಗುಡಿ_ಬೇಸ್

ದೊಡ್ಡ ಕಾನ್ಸರ್ಟ್‌ನಿಂದ ಊರಿನ ಬ್ಯಾಂಡುಗಳಿಗೆ ಏನು ಸಿಕ್ತು ಅಂತ ಕೇಳ್ಬೇಕು. ಜನ ಸಾವಿರಾರು ರೂಪಾಯಿ ಟಿಕೆಟ್ ಕೊಂಡ್ರು. ಅದೇ ಜನ ಮುಂದಿನ ವಾರ ಇನ್ನೂರು ರೂಪಾಯಿ ಎಂಟ್ರಿ ಕೊಟ್ಟು ಸ್ಥಳೀಯ ಬ್ಯಾಂಡ್ ನೋಡೋಕೆ ಬರಲಿಲ್ಲ. ರಾಕ್ ರಾಜಧಾನಿ ಅಂದ್ರೆ ನೋಡುಗರ ರಾಜಧಾನಿ ಅಂತಲೇ ಅರ್ಥ ಆಗಿಹೋಯ್ತು.

ಇಂಡಿ_ಸ್ಟೇಜ್

ಜನ ಬರಲಿಲ್ಲ ಅನ್ನೋದಕ್ಕಿಂತ ಬರೋಕೆ ಜಾಗ ಉಳೀಲಿಲ್ಲ ಅನ್ನೋದು ಸರಿ. ಸಣ್ಣ ಸ್ಟೇಜ್‌ಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೋನು ನಾನು. 2005ರ ಸಾರ್ವಜನಿಕ ಮನರಂಜನಾ ಸ್ಥಳಗಳ ಆದೇಶ ನೆನಪಿದೆಯಾ? ಡ್ಯಾನ್ಸ್ ಬಾರ್‌ಗಳ ಮೇಲೆ ತಂದ ಬಲೆ, ಅದರಲ್ಲಿ ಗಿಟಾರ್ ಹಿಡಿದವರೂ ಸಿಕ್ಕಿಬಿದ್ರು. ಪೊಲೀಸ್ ಕಡತದಲ್ಲಿ 'ಲೈವ್ ಬ್ಯಾಂಡ್' ಅಂದ್ರೆ ಎರಡೂ ಒಂದೇ. ವರ್ಷಾನುಗಟ್ಟಲೆ ಕೋರ್ಟಲ್ಲಿ ನಡೀತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನ ಎತ್ತಿಹಿಡೀತು. ಆಮೇಲೆ ಲೈಸೆನ್ಸ್ ಇಲ್ಲದ ಕಡೆಯೆಲ್ಲ ಸಂಗೀತ ಬಂದ್. ಲೈಸೆನ್ಸ್ ಬೇಕಂದ್ರೆ ಕಟ್ಟಡದ ಸ್ವಾಧೀನ ಪತ್ರ, ಅಗ್ನಿಶಾಮಕದವರ ಒಪ್ಪಿಗೆ, ಇನ್ನೂ ಹತ್ತಾರು ಕಾಗದ. ಬೆಂಗಳೂರಲ್ಲಿ ಎಷ್ಟು ಕಟ್ಟಡಕ್ಕೆ ಸ್ವಾಧೀನ ಪತ್ರ ಇದೆ ಹೇಳಿ? 2019ಕ್ಕೆ ಹಮ್ಮಿಂಗ್ ಟ್ರೀ ಮುಚ್ತು. ಹೊಸ ಬ್ಯಾಂಡಿಗೆ ವಾರದ ಮಧ್ಯದಲ್ಲೂ ಅವಕಾಶ ಕೊಡ್ತಿದ್ದ ಜಾಗ ಅದು.

ಇಂದಿರಾನಗರ_ಮನೆ

ನಿಮ್ಮ ಸಂಗೀತಕ್ಕೆ ನನ್ನ ವಿರೋಧ ಇಲ್ಲ. ಆದ್ರೆ ನಮ್ಮ ಪಾಡನ್ನೂ ಕೇಳಿ. ನಮ್ಮ ಅಪ್ಪ 70ರ ದಶಕದಲ್ಲಿ ಸೈಟ್ ತಗೊಂಡು ಕಟ್ಟಿದ ಮನೆ. ಎದುರಿನ ಮೂರಂತಸ್ತಿನ ಮೇಲೆ ತಗಡಿನ ಚಾವಣಿ ಹಾಕಿ ಪಬ್ ಮಾಡಿದ್ರು. ವಸತಿ ಪ್ರದೇಶದಲ್ಲಿ ರಾತ್ರಿ ಶಬ್ದದ ಮಿತಿ 45 ಡೆಸಿಬಲ್, ಹತ್ತು ಗಂಟೆ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ, ನಿಯಮ 2000ದಿಂದ ಇದೆ. ನಮ್ಮ ಕಿಟಕಿ ಗಾಜು ರಾತ್ರಿ ಒಂದಕ್ಕೂ ನಡುಗ್ತಿತ್ತು. ಹಾಸಿಗೆ ಹಿಡಿದ ಅಮ್ಮನಿಗೆ ನಿದ್ದೆ ಇಲ್ಲ. ದೂರು ಕೊಟ್ಟ ನಮ್ಮನ್ನ ಸಂಸ್ಕೃತಿ ವಿರೋಧಿಗಳು ಅಂದ್ರು.

ಇಂಡಿ_ಸ್ಟೇಜ್

ನಿಮ್ಮ ಅಮ್ಮನ ನಿದ್ದೆ ಮುಖ್ಯ, ಎರಡು ಮಾತಿಲ್ಲ. ಆದ್ರೆ ನೀವು ಹೇಳೋ ಜಾಗದಲ್ಲಿ ರಾತ್ರಿ ಒಂದಕ್ಕೆ ಬಡೀತಿದ್ದದ್ದು ಡಿಜೆ. ಬ್ಯಾಂಡ್‌ಗಳು ಒಂಬತ್ತಕ್ಕೆ ಶುರು ಮಾಡಿ ಹನ್ನೊಂದರೊಳಗೆ ಮುಗಿಸ್ತಿದ್ವು. ಗೋಡೆಗೆ ಶಬ್ದ ಹೀರೋ ಹೊದಿಕೆ ಹಾಕಿ ಅಂದ್ರೆ ಮಾಲೀಕರು ಖರ್ಚು ಜಾಸ್ತಿ ಅಂದ್ರು. ಡೆಸಿಬಲ್ ಅಳೆದು ದಂಡ ಹಾಕ್ಲಿ, ಸಂತೋಷ. ಒಳಗೆ ನುಡಿಸಿದ್ದು ಹೊರಗೆ ಕೇಳದಂಥ ಒಂದು ಸಣ್ಣ ಸಭಾಂಗಣ ಪ್ರತಿ ಬಡಾವಣೆಯಲ್ಲೂ ಇದ್ರೆ ನಾವು ನೀವು ಜಗಳ ಆಡೋದೇ ಬೇಡ. ಇಷ್ಟು ದೊಡ್ಡ ಊರಲ್ಲಿ ನಾಟಕಕ್ಕೆ ರಂಗಶಂಕರ ಇದೆ. ರಾಕ್‌ಗೆ ಅಂಥದ್ದೊಂದು ಇಲ್ಲ.

ಇಂದಿರಾನಗರ_ಮನೆ

ಆ ಸಭಾಂಗಣಕ್ಕೆ ಸಹಿ ಬೇಕಂದ್ರೆ ಮೊದಲ ಸಹಿ ನನ್ನದು.

ಹೊಸ_ಕೇಳುಗ

ವಿಷಯ ಬೇರೆ, ಕ್ಷಮಿಸಿ. ರೆಸ್ಟ್ ಹೌಸ್ ರೋಡಿನ ಪೆಕೋಸ್ ಪಬ್‌ನಲ್ಲಿ ಈಗಲೂ ಹಳೇ ರಾಕ್ ಹಾಕ್ತಾರಾ? ಅಣ್ಣ ಅದರ ಕಥೆ ಹೇಳ್ತಾನೇ ಇರ್ತಾನೆ.

ಕಾಕ್ಸ್‌ಟೌನ್_ಹಳಬ

ಹಾಕ್ತಾರೆ. ನಮ್ಮ ಕಾಲಕ್ಕೆ ಗೋಡೆ ತುಂಬ ಪೋಸ್ಟರ್, ಕೌಂಟರ್ ಹಿಂದೆ ಕ್ಯಾಸೆಟ್ ರಾಶಿ. ಎಷ್ಟೋ ಬ್ಯಾಂಡ್‌ಗಳ ಡ್ರಮ್ಮರ್ ಸಿಕ್ಕಿದ್ದು ಅಂಥ ಮೇಜುಗಳಲ್ಲೇ.

ಬಸವನಗುಡಿ_ಬೇಸ್

ಗಿವ್ಸನ್ ಗಿಟಾರ್ ನೆನಪಿರೋರು ಕೈ ಎತ್ತಿ! ಕಲ್ಕತ್ತದಿಂದ ಬರ್ತಿತ್ತು. ತಂತಿ ಫ್ರೆಟ್‌ಬೋರ್ಡಿಂದ ಎಷ್ಟು ಎತ್ತರ ಇರ್ತಿತ್ತು ಅಂದ್ರೆ ಬಾರ್ ಕಾರ್ಡ್ ಹಿಡಿದ್ರೆ ಬೆರಳು ಸೀಳ್ತಿತ್ತು. ಡಿಸ್ಟಾರ್ಷನ್ ಪೆಡಲ್ ಕೊಳ್ಳೋಕೆ ದುಡ್ಡೆಲ್ಲಿ? ಎಸ್.ಪಿ. ರೋಡಲ್ಲಿ ಟ್ರಾನ್ಸಿಸ್ಟರ್, ಡಯೋಡ್ ತಂದು ಸೋಪಿನ ಡಬ್ಬಿಯೊಳಗೆ ಕೂರಿಸ್ತಿದ್ವಿ. ಆ ಡಬ್ಬಿ ಕೊಟ್ಟ ಫಜ್ ಸದ್ದು ಇವತ್ತಿನ ಯಾವ ಸಾಫ್ಟ್‌ವೇರಲ್ಲೂ ಸಿಗಲ್ಲ.

ಮಿಕ್ಸರ್_ರಾಜ

✋ ಜರ್ಮೇನಿಯಂ ಟ್ರಾನ್ಸಿಸ್ಟರ್ ಬಿಸಿ ಆದ್ರೆ ಸದ್ದು ಬದಲಾಗ್ತಿತ್ತು. ಏಪ್ರಿಲ್ ಗಿಗ್ ಒಂಥರ, ಡಿಸೆಂಬರ್ ಗಿಗ್ ಒಂಥರ.

ಲೀಡ್ಸ್_ಕನ್ನಡಿಗ

ನಾನು ಇಂಗ್ಲೆಂಡಿನಲ್ಲಿರೋದು. 2010ರಲ್ಲಿ ರಘು ದೀಕ್ಷಿತ್ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಬಂದಾಗ ಮರುದಿನ ಆಫೀಸಲ್ಲಿ ಇಂಗ್ಲಿಷ್ ಸಹೋದ್ಯೋಗಿ ಬಂದು ಕೇಳಿದ, ಇದು ನಿನ್ನ ಭಾಷೆ ಅಲ್ವಾ ಅಂತ. ನಾನು ಬೆಂಗಳೂರಲ್ಲಿ ಇದ್ದಷ್ಟು ಕಾಲ ಇಂಗ್ಲಿಷ್ ರಾಕ್ ಬಿಟ್ಟು ಬೇರೇನೂ ಕೇಳಿದವನಲ್ಲ. ಇಲ್ಲಿನ ಒಂದು ಉತ್ಸವದಲ್ಲಿ ಶರೀಫರ ಪದಕ್ಕೆ ಸಾವಿರಾರು ಜನ ಕುಣಿದದ್ದು ನೋಡಿದೆ. ಒಬ್ಬರಿಗೂ ಅರ್ಥ ಗೊತ್ತಿರಲಿಲ್ಲ. 'ಕನ್ನಡದಲ್ಲಿ ಹಾಡಿದ್ರೆ ಯಾರು ಕೇಳ್ತಾರೆ' ಅನ್ನೋ ಭಯ ಆಧಾರವಿಲ್ಲದ್ದು ಅಂತ ಆವತ್ತೇ ಖಾತ್ರಿ ಆಯ್ತು.

ಛಂದಸ್ಸಿನ_ಹುಡುಗಿ

ಅಷ್ಟು ದೂರ ಯಾಕೆ, ಪರ್ವಾಝ್ ನೋಡಿ. ಬೆಂಗಳೂರಿನ ಬ್ಯಾಂಡು, ಹಾಡೋದು ಉರ್ದು ಮತ್ತು ಕಾಶ್ಮೀರಿಯಲ್ಲಿ. 2014ರ 'ಬರನ್' ಆಲ್ಬಮ್ಮನ್ನ ಇದೇ ಊರಿನ ಜನ ತಲೆ ಮೇಲೆ ಹೊತ್ಕೊಂಡ್ರು. ಅಗಂ ಬ್ಯಾಂಡ್ ಕರ್ನಾಟಕ ಸಂಗೀತದ ಕೃತಿಗಳನ್ನ ಪ್ರೊಗ್ರೆಸಿವ್ ರಾಕ್ ಮಾಡಿದ್ರೆ ಹಾಲ್ ತುಂಬುತ್ತೆ. ಕೇರಳದಲ್ಲಿ ಅವಿಯಲ್ ಬ್ಯಾಂಡಿನವರು 2008ರಲ್ಲೇ ಮಲಯಾಳಂ ರಾಕ್ ಆಲ್ಬಮ್ ತಂದ್ರು. ಬೆಂಗಳೂರಿನ ಕೇಳುಗ ಕಾಶ್ಮೀರಿ ಒಪ್ಪಿಕೊಂಡ ಅಂದ್ಮೇಲೆ ಕನ್ನಡ ಒಪ್ಪಲ್ಲ ಅನ್ನೋ ನೆಪಕ್ಕೆ ಏನು ಅರ್ಥ?

ಡಬಲ್_ಪೆಡಲ್

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಒಂದು ಮಾತ್ರ ಹೇಳ್ತೀನಿ. ಕನ್ನಡದಲ್ಲಿ ಒಳ್ಳೇ ಹಾಡು ಮಾಡಿದ ಕೂಡಲೇ ಸಿನಿಮಾ ಬಂದು ಎತ್ಕೊಂಡು ಹೋಗುತ್ತೆ. ರಘು ಅವರ ಮಹದೇಶ್ವರನ ಹಾಡು ಬಹಳ ಜನಕ್ಕೆ ತಲುಪಿದ್ದು 2008ರ 'ಸೈಕೋ' ಸಿನಿಮಾ ಮೂಲಕ. ಗಾಯಕ ಹಿನ್ನೆಲೆ ಗಾಯಕ ಆಗ್ತಾನೆ, ಗಿಟಾರಿಸ್ಟ್ ಸೆಷನ್‌ಗೆ ಹೋಗ್ತಾನೆ, ಬ್ಯಾಂಡ್ ಅಲ್ಲಿಗೆ ಮುಗೀತು. ಇಂಗ್ಲಿಷ್ ಬ್ಯಾಂಡನ್ನ ಗಾಂಧಿನಗರ ಮುಟ್ಟಲ್ಲ, ಅದಕ್ಕೇ ಅವು ಬ್ಯಾಂಡಾಗಿ ಉಳಿದ್ವು.

ಶಿಗ್ಗಾಂವಿ_ಏಕತಾರಿ

ಸಿನಿಮಾಕ್ಕ ಹೋದ್ರ ತಪ್ಪೇನ್ರಿ, ಹೊಟ್ಟಿ ತುಂಬಬೇಕಲ್ಲ. ಹೋಗಿ ಮತ್ತ ಸ್ಟೇಜಿಗೆ ಬರ್ಲಿ. ಸ್ವರಾತ್ಮದಾಗ ಹಾಡಿದ ವಾಸು ದೀಕ್ಷಿತ್ರು ದಾಸರ ಪದ, ಜಾನಪದ ತಗೊಂಡು ಈಗೂ ಊರೂರು ತಿರಗತಾರಲ್ಲ. ಹುಬ್ಬಳ್ಳಿ ಧಾರವಾಡದಾಗ ಒಂದು ಒಳ್ಳೆ ರಿಹರ್ಸಲ್ ಖೋಲಿ ಆಗಲಿ, ಉಳಿದದ್ದು ನಮ್ಮ ಹುಡುಗರು ನೋಡ್ಕೋತಾರ.

ಗಿರಿನಗರ_ಗಿಟಾರು

ಎಲ್ಲರ ಮಾತು ಓದಿದ ಮೇಲೆ ನನ್ನ ಅಭಿಪ್ರಾಯ ಇಷ್ಟು. ಕನ್ನಡಕ್ಕೆ ರಾಕ್ ಒಗ್ಗಲ್ಲ ಅನ್ನೋದು ಸುಳ್ಳು. ಫೆಸ್ಟ್ ಫಾರ್ಮಿನ ಎರಡು ಕಾಲಂ, ಲೈಸೆನ್ಸ್ ಕಡತದ ಒಂದು ಪದ, ತಡ ಮಾಡಿದ್ದು ಇವು. ಇದಕ್ಕೆ ಸಾಕ್ಷಿ ಒಟ್ಟು ಮಾಡಬೇಕು. 80, 90ರ ದಶಕದ ಬಹುಪಾಲು ಬ್ಯಾಂಡ್‌ಗಳದ್ದು ಒಂದು ಆಲ್ಬಮ್ಮೂ ಬಂದಿಲ್ಲ. ಉಳಿದಿರೋದು ಮನೆಯ ಅಟ್ಟದ ಮೇಲಿನ ಡೆಮೋ ಕ್ಯಾಸೆಟ್, ಫೆಸ್ಟ್ ಕರಪತ್ರ, ಜೆರಾಕ್ಸ್ ಪೋಸ್ಟರ್. ಯಾರ ಹತ್ರ ಏನಿದೆ ಹೇಳಿ, ನಾನೇ ಬಂದು ತಗೊಂಡು ಹೋಗಿ ಡಿಜಿಟಲ್ ಮಾಡಿಸಿ ವಾಪಸ್ ಕೊಡ್ತೀನಿ.

ಬಸವನಗುಡಿ_ಬೇಸ್

ನಮ್ಮ ಬ್ಯಾಂಡಿನ ಡೆಮೋ ಇದೆ. ಒಂದು ಹಾಡು ಕನ್ನಡದ್ದು, ಎಲ್ಲೂ ನುಡಿಸಲಿಲ್ಲ. ಜಾಗ ಸಿಗಲಿಲ್ಲ ಅಂತ ಮೇಲೆ ಹೇಳಿದ್ನಲ್ಲ, ಅದೇ ಹಾಡು. ಕ್ಯಾಸೆಟ್ ಮೇಲೆ ಬಿಳಿ ಪುಡಿ ಥರ ಏನೋ ಕೂತಿದೆ. ಹಾಕಿ ಕೇಳಲಾ?

ಮಿಕ್ಸರ್_ರಾಜ

ಹಾಕ್ಲೇಬೇಡಿ!! ಅದು ಬೂಸ್ಟು. ಪ್ಲೇಯರ್ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹರಡುತ್ತೆ, ಟೇಪೂ ಹರಿಯಬಹುದು. ಮೊದಲು ಒಣ ಜಾಗದಲ್ಲಿ, ಬೇರೆ ಕ್ಯಾಸೆಟ್‌ಗಳಿಂದ ದೂರ ಇಡಿ. ಶೆಲ್ ಬಿಚ್ಚಿ ಟೇಪನ್ನ ನಿಧಾನಕ್ಕೆ ಸ್ವಚ್ಛ ಮಾಡಿ ಬೇರೆ ಶೆಲ್ಲಿಗೆ ಹಾಕಬೇಕು. ಒಳಗಿನ ಸಣ್ಣ ಫೆಲ್ಟ್ ಪ್ಯಾಡ್ ಉದುರಿದೆಯಾ ನೋಡಿ, ಉದುರಿದ್ರೆ ಸದ್ದು ಮಂಕಾಗುತ್ತೆ. ರೆಕಾರ್ಡ್ ಮಾಡುವಾಗ 24 ಬಿಟ್ ವೇವ್ ಫೈಲ್, ಎಂಪಿ3 ಬೇಡ. ಶನಿವಾರ ನನ್ನ ಸ್ಟುಡಿಯೋಗೆ ತನ್ನಿ, ದುಡ್ಡು ಬೇಡ. ಇಲ್ಲಿರೋ ಬೇರೆಯವರೂ ತರಬಹುದು.

ಬಸವನಗುಡಿ_ಬೇಸ್

ಬರ್ತೀನಿ. ಡ್ರಮ್ಮರ್‌ನೂ ಕರ್ಕೊಂಡು ಬರ್ತೀನಿ, ಅವನ ಹತ್ರ ಇನ್ನೆರಡು ಕ್ಯಾಸೆಟ್ ಇದೆಯಂತೆ.

ಛಂದಸ್ಸಿನ_ಹುಡುಗಿ

ಆ ಕನ್ನಡ ಹಾಡಿನ ಸಾಹಿತ್ಯ ನೆನಪಿದ್ರೆ ಈಗಲೇ ಇಲ್ಲಿ ಹಾಕಿ, ಶನಿವಾರದವರೆಗೆ ಕಾಯೋಕಾಗಲ್ಲ.